ಒಂದೇ ಮನೆ, ಎರಡು ವಕಾಲತ್ತು

ಗಂಡ ಸರಕಾರದ ಪರ ವಕೀಲ, ಹೆಂಡತಿ ಆರೋಪಿಯ ಪರ ವಕೀಲೆ. ಹಗಲೆಲ್ಲ ನ್ಯಾಯಾಲಯದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಖಂಡಿಸುವ ಇವರು ಇರುಳಾದರೆ ಒಂದೇ ಸೂರಿನ ಕೆಳಗೆ ಉಣ್ಣಬೇಕು. ಸಿನಿಮಾ ಕಥೆಗಾರರಿಗೆ ಇದಕ್ಕಿಂತ ಒದಗುವ ಸಂದರ್ಭ ಬೇರೊಂದಿರಲಾರದು. ವಾದದ ಬಿಸಿಯೂ ಸಂಸಾರದ ಸರಸವೂ ಒಂದೇ ಚೌಕಟ್ಟಿನಲ್ಲಿ ದೊರೆಯುತ್ತವೆ. ನ್ಯಾಯಾಧೀಶರು ತೀರ್ಪು ಕೊಡುವುದರೊಳಗೆ ಪ್ರೇಕ್ಷಕನ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಎದ್ದಿರುತ್ತದೆ: ಮೊಕದ್ದಮೆಯನ್ನು ಯಾರೇ ಗೆಲ್ಲಲಿ, ಈ ಮದುವೆ ಉಳಿದೀತೆ? ಈ ಎರಡನೆಯ ಪ್ರಶ್ನೆಯೇ ಮೊದಲನೆಯದನ್ನು ನುಂಗಿಬಿಡುವುದು ಇಂಥ ಚಿತ್ರಗಳ ಸೊಗಸು. ಅವುಗಳ ಮಿತಿಯೂ ಅದೇ.

ಈ ಬಗೆಯ ಕಥೆಗೆ ತೆರೆಯ ಮೇಲಿನ ಪ್ರಸಿದ್ಧ ಮಾದರಿ 1949ರ ಅಮೆರಿಕದ ಚಿತ್ರ ‘ಆ್ಯಡಮ್ಸ್ ರಿಬ್’. ನಿರ್ದೇಶಕ ಜಾರ್ಜ್ ಕುಕೋರ್. ಕಥೆ-ಸಂಭಾಷಣೆ ಬರೆದ ರೂತ್ ಗಾರ್ಡನ್ ಮತ್ತು ಗಾರ್ಸನ್ ಕಾನಿನ್ ಸ್ವತಃ ದಂಪತಿಗಳು. ಪರಸ್ತ್ರೀಯ ಸಂಗದಲ್ಲಿದ್ದ ಗಂಡನ ಮೇಲೆ ಒಬ್ಬ ಹೆಣ್ಣುಮಗಳು ಗುಂಡು ಹಾರಿಸುತ್ತಾಳೆ. ಆತ ಗಾಯಗೊಂಡು ಬದುಕುತ್ತಾನೆ. ಆಕೆಯ ಮೇಲೆ ಆರೋಪ ಹೊರಿಸುವ ಕೆಲಸ ಆ್ಯಡಮ್‌ನ ಪಾಲಿಗೆ ಬಂದರೆ, ಆಕೆಯನ್ನು ಕಾಪಾಡುವ ಹೊಣೆಯನ್ನು ಅವನ ಹೆಂಡತಿ ಅಮಾಂಡ ತಾನಾಗಿ ಹೊತ್ತುಕೊಳ್ಳುತ್ತಾಳೆ. ಇದೇ ತಪ್ಪನ್ನು ಗಂಡಸು ಮಾಡಿದ್ದರೆ ಲೋಕ ಅವನನ್ನು ಮನ್ನಿಸುತ್ತಿರಲಿಲ್ಲವೆ ಎಂಬುದು ಅವಳ ವಾದದ ತಿರುಳು. ಅವಳು ಗೆಲ್ಲುತ್ತಾಳೆ. ಆದರೆ ಚಿತ್ರ ಅಲ್ಲಿಗೆ ಮುಗಿಯುವುದಿಲ್ಲ. ಗಂಡ ಮಿಠಾಯಿಯಲ್ಲಿ ಮಾಡಿದ ಪಿಸ್ತೂಲನ್ನು ಅವಳತ್ತ ಹಿಡಿದು, ಹೀಗೆ ಮಾಡುವ ಹಕ್ಕು ಯಾರಿಗೂ ಇಲ್ಲವೆಂದು ಅವಳ ಬಾಯಿಂದಲೇ ಹೊರಡಿಸಿ, ಆಮೇಲೆ ಆ ಪಿಸ್ತೂಲನ್ನು ಕಚ್ಚಿ ತಿನ್ನುತ್ತಾನೆ. ನ್ಯಾಯಾಲಯದಲ್ಲಿ ಸೋತವನು ಮನೆಯಲ್ಲಿ ಗೆದ್ದ ಹಾಗಾಯಿತು. ಕೊನೆಗೆ ಇಬ್ಬರೂ ಒಂದಾಗುತ್ತಾರೆ, ಪ್ರೇಕ್ಷಕರು ನಗುತ್ತಾರೆ. ಗುಂಡು ಹಾರಿಸಿದ ಹೆಣ್ಣುಮಗಳು ಮತ್ತು ಅವಳ ಮಕ್ಕಳು ಅಷ್ಟು ಹೊತ್ತಿಗೆ ಯಾರ ನೆನಪಿನಲ್ಲಿಯೂ ಉಳಿದಿರುವುದಿಲ್ಲ.

ಹಿಂದಿಯ ನ್ಯಾಯಾಲಯ ಚಿತ್ರಗಳಿಗೆ ರಕ್ತಸಂಬಂಧ ಮತ್ತು ಋಣಾನುಬಂಧಗಳ ಮೇಲೆ ಮೊದಲಿನಿಂದಲೂ ಒಲವು. ಹಾಡುಗಳೇ ಇಲ್ಲದೆ ತಯಾರಾಗಿ ಹೆಸರು ಮಾಡಿದ ಬಿ. ಆರ್. ಚೋಪ್ರಾ ಅವರ ‘ಕಾನೂನ್’ (1960) ಚಿತ್ರದಲ್ಲಿ ವಕೀಲನು ತಾನು ಮದುವೆಯಾಗಲಿರುವ ಹುಡುಗಿಯ ತಂದೆಯನ್ನೇ ಕೊಲೆಗಾರನೆಂದು ನಂಬಬೇಕಾದ ಇಕ್ಕಟ್ಟಿಗೆ ಸಿಲುಕುತ್ತಾನೆ. ಆ ಭಾವಿ ಮಾವ ನ್ಯಾಯಾಧೀಶ. ವಕೀಲನು ತನ್ನ ಮಾವ ಕುಳಿತ ಪೀಠದ ಮುಂದೆ ವಾದಿಸಕೂಡದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಮದುವೆ ಇನ್ನೂ ಆಗಿರದ ಕಾರಣ, ಇಂದಿನ ನಿಯಮದ ಅಕ್ಷರಕ್ಕೂ ಆ ನಾಯಕ ಸಿಕ್ಕುತ್ತಿರಲಿಲ್ಲವೆನ್ನಿ. ರಾಜಕುಮಾರ್ ಸಂತೋಷಿ ಅವರ ‘ದಾಮಿನಿ’ (1993) ಇನ್ನಷ್ಟು ಹತ್ತಿರಕ್ಕೆ ಬರುತ್ತದೆ. ಮನೆಗೆಲಸದ ಹುಡುಗಿಯ ಮೇಲೆ ಮೈದುನನೇ ಅತ್ಯಾಚಾರ ಎಸಗಿದ್ದನ್ನು ಕಣ್ಣಾರೆ ಕಂಡ ಸೊಸೆ, ಗಂಡನ ಮನೆಯವರ ವಿರುದ್ಧ ಸಾಕ್ಷಿ ನುಡಿಯಲು ಹೊರಡುತ್ತಾಳೆ. ಅಲ್ಲಿ ಹೆಣ್ಣಿಗೆ ಸತ್ಯವಿದೆ, ಧೈರ್ಯವಿದೆ. ಕಾನೂನಿನ ಭಾಷೆ ಮಾತ್ರ ಅವಳ ಪರವಾಗಿ ಎದ್ದು ನಿಲ್ಲುವ ಗಂಡಸು ವಕೀಲನ ಪಾಲಿನದು. ಚಿತ್ರ ನೋಡಿದವರಿಗೆ ಇಂದಿಗೂ ನೆನಪಿರುವುದು ಆತನ ಗುಡುಗು.

ಅಬ್ಬಾಸ್-ಮಸ್ತಾನ್ ಜೋಡಿಯ ‘ಐತ್ರಾಜ್’ (2004) ಚಿತ್ರದಲ್ಲಿ ಕೊನೆಗೂ ಹೆಂಡತಿಯೇ ಕಪ್ಪು ಕೋಟು ತೊಡುತ್ತಾಳೆ. ಮೇಲಧಿಕಾರಿಯಾದ ಹೆಣ್ಣಿನಿಂದ ಸುಳ್ಳು ಆರೋಪಕ್ಕೆ ಗುರಿಯಾದ ಗಂಡನ ಪರವಾಗಿ ಅವಳು ವಾದಿಸಿ ಗೆಲ್ಲುತ್ತಾಳೆ. 2011ರಲ್ಲಿ ಇದೇ ಕಥೆ ಕನ್ನಡಕ್ಕೆ ಬಂದಾಗ ಚಿತ್ರಕ್ಕೆ ಇಟ್ಟ ಹೆಸರು ‘ಶ್ರೀಮತಿ’. ಆ ಹೆಸರು ಎಲ್ಲವನ್ನೂ ಹೇಳಿಬಿಡುತ್ತದೆ. ಅವಳ ವಕೀಲಿಕೆ ಅವಳ ಮುತ್ತೈದೆತನದ ವಿಸ್ತರಣೆ. ಸಾವಿತ್ರಿ ಯಮನೊಡನೆ ವಾದಿಸಿದ ಹಾಗೆ ಈಕೆ ನ್ಯಾಯಾಧೀಶನೊಡನೆ ವಾದಿಸುತ್ತಾಳೆ. ಪತಿಯ ಪರವಾಗಿ ವಾದಿಸುವ ಹೆಂಡತಿಯನ್ನು ನೋಡಲು ಸಮಾಜಕ್ಕೆ ಯಾವ ಅಡ್ಡಿಯೂ ಇಲ್ಲ. ಪತಿಯ ವಾದಕ್ಕೆ ಪ್ರತಿವಾದ ಹೂಡಿ, ಅದಕ್ಕಾಗಿ ಶುಲ್ಕ ಪಡೆದು, ಸಂಜೆ ಮನೆಗೆ ಮರಳುವ ಹೆಂಡತಿಯನ್ನು ಒಪ್ಪಿಕೊಳ್ಳುವುದು ಬೇರೆಯೇ ಮಾತು.

ದಂಪತಿಗಳು ನ್ಯಾಯಸ್ಥಾನದಲ್ಲಿ ಎದುರಾಗಬಹುದೆ ಎಂಬ ಪ್ರಶ್ನೆ ಸಿನಿಮಾದವರು ಹುಟ್ಟಿಸಿದ್ದಲ್ಲ. ಕನ್ನಡ ನಾಡಿನಲ್ಲಿ ಅದರ ಚರ್ಚೆಗೆ ಒಂಬತ್ತು ಶತಮಾನಗಳ ಹಳಮೆಯಿದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ಒಂದು ತೊಡಕಿನ ವಚನವನ್ನು ಎತ್ತಿಕೊಳ್ಳುತ್ತಾನೆ. ಗುರು-ಶಿಷ್ಯ, ತಂದೆ-ಮಗ, ಗಂಡ-ಹೆಂಡತಿ, ಒಡೆಯ-ಆಳು ಇವರು ಪರಸ್ಪರ ವಿರೋಧಿಸಿ ತಂದ ವ್ಯವಹಾರ, ಅಂದರೆ ದಾವೆ, ನಿಲ್ಲುವುದಿಲ್ಲ ಎಂಬುದು ಆ ವಚನದ ಸಾರ. ಸಾಮಾನ್ಯ ವ್ಯಾಖ್ಯಾನಕಾರನಾಗಿದ್ದರೆ ಅದಕ್ಕೆ ತಲೆಬಾಗಿ ಮುಂದೆ ಸಾಗುತ್ತಿದ್ದ. ವಿಜ್ಞಾನೇಶ್ವರ ಹಾಗೆ ಮಾಡುವುದಿಲ್ಲ. ಇದು ಸಂಪೂರ್ಣ ನಿಷೇಧವಲ್ಲವೆಂದು ತೋರಿಸಲು ಒಂದೊಂದೇ ಉದಾಹರಣೆ ಕೊಡುತ್ತಾನೆ. ವಿಧಿಯನ್ನು ಮೀರಿ ಶಿಷ್ಯನನ್ನು ಹೊಡೆದ ಗುರುವಿನ ಮೇಲೆ ಶಿಷ್ಯ ದೂರು ತರಬಹುದು. ಪಿತ್ರಾರ್ಜಿತ ಭೂಮಿಯನ್ನು ತಂದೆ ಮನಬಂದಂತೆ ಪರಭಾರೆ ಮಾಡಿದರೆ ಮಗ ಧರ್ಮಾಧಿಕಾರಿಯ ಬಳಿಗೆ ಹೋಗಬಹುದು.

ಗಂಡ-ಹೆಂಡಿರ ವಿಷಯಕ್ಕೆ ಬಂದಾಗ ಅವನು ಹಿಡಿಯುವುದು ಸ್ತ್ರೀಧನದ ಎಳೆಯನ್ನು. ಕ್ಷಾಮ, ಧರ್ಮಕಾರ್ಯ, ರೋಗ, ಸೆರೆ — ಈ ನಾಲ್ಕು ಸಂದರ್ಭಗಳಲ್ಲಿ ಹೆಂಡತಿಯ ಧನವನ್ನು ಬಳಸಿದ ಗಂಡ ಅದನ್ನು ಹಿಂದಿರುಗಿಸಬೇಕಿಲ್ಲವೆಂದು ಸ್ಮೃತಿ ಹೇಳುತ್ತದೆ. ಹಾಗಾದರೆ ಇವಾವುವೂ ಇಲ್ಲದಾಗ ತೆಗೆದುಕೊಂಡು, ಕೈಯಲ್ಲಿ ಹಣವಿದ್ದೂ, ಕೇಳಿದಾಗ ಕೊಡದಿದ್ದರೆ? ಆಗ ಹೆಂಡತಿಯ ದಾವೆ ನಿಲ್ಲುತ್ತದೆ ಎಂಬುದು ಅವನ ಉತ್ತರ. ಹಾಗಿದ್ದರೆ ಮೂಲ ವಚನದ ಅರ್ಥವೇನು? ಇಂಥ ಹತ್ತಿರದವರ ಜಗಳ ಇಹಕ್ಕೂ ಪರಕ್ಕೂ ಒಳ್ಳೆಯದಲ್ಲವಾದ್ದರಿಂದ ಅರಸನು ಮೊದಲು ಅವರನ್ನು ತಡೆದು ತಿಳಿಹೇಳಬೇಕು. ಅವರು ಪಟ್ಟುಹಿಡಿದರೆ ವಿಚಾರಣೆಯನ್ನು ನಡೆಸಲೇಬೇಕು. ಇಂದಿನ ಕೌಟುಂಬಿಕ ನ್ಯಾಯಾಲಯಗಳು ಅನುಸರಿಸುವ ಕ್ರಮ, ಮೊದಲು ಸಂಧಾನ, ಆಮೇಲೆ ವಿಚಾರಣೆ, ಇದಕ್ಕಿಂತ ಬೇರೆಯಲ್ಲ. ಕಲ್ಯಾಣದ ಈ ಪಂಡಿತನಿಗೆ ದಾಂಪತ್ಯದ ಮೇಲೆ ಗೌರವ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಆದರೆ ದಾಂಪತ್ಯದ ಹೆಸರಿನಲ್ಲಿ ಒಬ್ಬರ ಬಾಯಿ ಕಟ್ಟುವುದು ಅವನಿಗೆ ಒಪ್ಪಿಗೆಯಾಗಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಬರುವ ತನಕ ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯನ್ನು ಆಳಿದ್ದು ಅವನ ಗ್ರಂಥವೇ ಎಂಬುದನ್ನು ನೆನೆದರೆ ಈ ಸಣ್ಣ ಭಾಗದ ತೂಕ ಅರಿವಾದೀತು.

ಶಾಸ್ತ್ರ ಬಿಟ್ಟು ಕಾವ್ಯಕ್ಕೆ ಬಂದರೂ ಗಂಡನ ನಡೆಯನ್ನು ಸಭೆಯಲ್ಲಿ ಕಾನೂನಿನ ಪ್ರಶ್ನೆಯಾಗಿಸಿದ ಹೆಂಡತಿ ಕನ್ನಡಿಗರಿಗೆ ಅಪರಿಚಿತಳಲ್ಲ. ಧರ್ಮರಾಯ ಮೊದಲು ತನ್ನನ್ನು ಸೋತನೋ ಮೊದಲು ತನ್ನ ಮಡದಿಯನ್ನು ಸೋತನೋ ಎಂದು ಕುಮಾರವ್ಯಾಸನ ದ್ರೌಪದಿ ಕೇಳಿ ಕಳುಹಿಸುವುದು ಅಳಲಲ್ಲ. ಅದು ಅಧಿಕಾರವ್ಯಾಪ್ತಿಯ ಪ್ರಶ್ನೆ. ತನ್ನನ್ನೇ ಕಳೆದುಕೊಂಡವನಿಗೆ ಇನ್ನೊಬ್ಬರನ್ನು ಒಡ್ಡುವ ಸ್ವಾಮ್ಯ ಎಲ್ಲಿಂದ ಬಂತು? ಹಿರಿಯರು ತುಂಬಿದ ಸಭೆ ಅದಕ್ಕೆ ಉತ್ತರ ಕೊಡದೆ ತಲೆ ತಗ್ಗಿಸಿತು. ವಿಕರ್ಣನೊಬ್ಬ ಆಡಿದ ಮಾತು ತೀರ್ಪಾಗಲಿಲ್ಲ. ಗಮನಿಸಬೇಕಾದದ್ದು, ದ್ರೌಪದಿ ತನ್ನ ವಕಾಲತ್ತನ್ನು ತಾನೇ ವಹಿಸಬೇಕಾಯಿತು. ಐವರು ಗಂಡಂದಿರು ಎದುರಿಗಿದ್ದೂ ಅವಳ ಪರವಾಗಿ ವಾದಿಸುವ ಅಧಿಕಾರ ಯಾರಿಗೂ ಉಳಿದಿರಲಿಲ್ಲ.

ಬೆಳಗಾವಿ ಸೀಮೆಯ ಮಟ್ಟಿಗೆ ಆಧುನಿಕ ನ್ಯಾಯಾಲಯದ ಚರಿತ್ರೆ ಮುಂಬಯಿ ಹೈಕೋರ್ಟಿನ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಈ ಜಿಲ್ಲೆಯ ಮೇಲ್ಮನವಿಗಳೆಲ್ಲ ಹೋಗುತ್ತಿದ್ದುದು ಅಲ್ಲಿಗೇ. ಆ ಹೈಕೋರ್ಟಿನಲ್ಲಿ 1884ರಿಂದ ನಡೆದ ದಾದಾಜಿ ಭಿಕಾಜಿ ಮತ್ತು ರುಖಮಾಬಾಯಿ ಪ್ರಕರಣದಲ್ಲಿ ಗಂಡ-ಹೆಂಡತಿ ವಾದಿ-ಪ್ರತಿವಾದಿಗಳಾಗಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ತನ್ನ ಒಪ್ಪಿಗೆಯಿಲ್ಲದೆ ನಡೆದ ಮದುವೆಗೆ ಬದ್ಧಳಾಗಿ ಗಂಡನ ಮನೆಗೆ ಹೋಗಲಾರೆನೆಂದು ರುಖಮಾಬಾಯಿ ನಿಂತಳು. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಅವಳ ಪರ ತೀರ್ಪಿತ್ತರು. ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. 1887ರಲ್ಲಿ ಗಂಡನ ಮನೆಗೆ ಹೋಗು, ಇಲ್ಲವೆ ಆರು ತಿಂಗಳು ಸೆರೆಮನೆಗೆ ಹೋಗು ಎಂಬ ಆದೇಶವಾದಾಗ ಅವಳು ಆರಿಸಿಕೊಂಡದ್ದು ಸೆರೆಮನೆಯನ್ನು. ಮರುವರ್ಷ ಎರಡು ಸಾವಿರ ರೂಪಾಯಿಗೆ ರಾಜಿಯಾಯಿತು. ಮುಂದೆ ಆಕೆ ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಓದಿ ಹೆಸರಾಂತ ವೈದ್ಯೆಯಾದಳು. ಅಷ್ಟು ದೊಡ್ಡ ಮೊಕದ್ದಮೆಯಲ್ಲಿ, ಹೆಣ್ಣಿನ ದೇಹ ಮತ್ತು ಇಚ್ಛೆಯೇ ವಿಷಯವಾಗಿದ್ದ ಮೊಕದ್ದಮೆಯಲ್ಲಿ, ವಾದಿಸಲು ಒಬ್ಬ ಹೆಣ್ಣೂ ಎದ್ದು ನಿಲ್ಲಲಿಲ್ಲ. ನಿಲ್ಲಲು ಅವಕಾಶವೇ ಇರಲಿಲ್ಲ.

ಆ ಅವಕಾಶ ಬಂದದ್ದು ತೀರ ತಡವಾಗಿ. ಕಾನೂನು ಪದವಿ ಪಡೆದ ರೆಜಿನಾ ಗುಹಾ ವಕೀಲಿಕೆಗೆ ಅರ್ಜಿ ಹಾಕಿದಾಗ 1916ರಲ್ಲಿ ಕಲಕತ್ತಾ ಹೈಕೋರ್ಟು, ಕಾನೂನಿನಲ್ಲಿ ‘ವ್ಯಕ್ತಿ’ ಎಂದರೆ ಹೆಣ್ಣು ಸೇರುವುದಿಲ್ಲವೆಂದು ತಿರಸ್ಕರಿಸಿತು. 1921ರಲ್ಲಿ ಪಾಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೂ ಅದೇ ಗತಿ. 1923ರ ಶಾಸನ ಬಂದ ಮೇಲೆಯೇ ಹೆಣ್ಣಾದ ಕಾರಣಕ್ಕೆ ಯಾರನ್ನೂ ವಕೀಲಿಕೆಯಿಂದ ದೂರವಿಡುವಂತಿಲ್ಲ ಎಂದಾದದ್ದು. ದಂಪತಿ ವಕೀಲರ ಕಥೆಗೆ ಒಂದು ನೂರು ವರ್ಷದ ಹಿಂದಷ್ಟೇ ಬಾಗಿಲು ತೆರೆಯಿತೆಂದ ಹಾಗಾಯಿತು.

ಆ ಬಾಗಿಲಿನಿಂದ ಒಳಬಂದ ಮೊದಲ ತಲೆಮಾರಿನಲ್ಲಿಯೇ ಕರ್ನಾಟಕಕ್ಕೆ ಸಂಬಂಧಿಸಿದ ಒಂದು ಜೋಡಿಯಿದೆ. ಉಡುಪಿ ಬಳಿಯ ಬೆಳ್ಳೆಯಲ್ಲಿ ಹುಟ್ಟಿದ ಜೋಕಿಂ ಆಳ್ವ ಮತ್ತು ಅಹಮದಾಬಾದಿನಲ್ಲಿ ಹುಟ್ಟಿದ ವಯೊಲೆಟ್ ಹರಿ 1937ರಲ್ಲಿ ಮದುವೆಯಾದರು. ಇಬ್ಬರೂ ವಕೀಲರು, ಇಬ್ಬರೂ ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡವರು. ವಯೊಲೆಟ್ ಆಳ್ವ ಆರ್ಥರ್ ರೋಡ್ ಜೈಲಿಗೆ ಹೋದಾಗ ಕಂಕುಳಲ್ಲಿ ಹಸುಗೂಸಿತ್ತು. 1944ರಲ್ಲಿ ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದಿಸಿದ ದೇಶದ ಮೊದಲ ವಕೀಲೆ ಎಂಬ ಹೆಸರು ಅವರದು. 1952ರಲ್ಲಿ ಗಂಡ ಕೆನರಾ ಕ್ಷೇತ್ರದಿಂದ ಲೋಕಸಭೆಗೂ ಹೆಂಡತಿ ರಾಜ್ಯಸಭೆಗೂ ಹೋಗಿ, ಸಂಸತ್ತನ್ನು ಪ್ರವೇಶಿಸಿದ ಮೊದಲ ದಂಪತಿಗಳಾದರು. 1962ರಿಂದ 1969ರ ವರೆಗೆ ವಯೊಲೆಟ್ ರಾಜ್ಯಸಭೆಯ ಉಪಸಭಾಪತಿಯಾಗಿದ್ದರು. ಇವರ ಸೊಸೆ, ಕಾನೂನು ಓದಿದ ಮಾರ್ಗರೆಟ್ ಆಳ್ವ, 1999ರಲ್ಲಿ ಗೆದ್ದದ್ದು ಕೆನರಾ ಕ್ಷೇತ್ರದಿಂದಲೇ. ಬೆಳಗಾವಿ ಜಿಲ್ಲೆಯ ಖಾನಾಪುರ ಇಂದು ಮತ ಹಾಕುವುದೂ ಉತ್ತರ ಕನ್ನಡ ಎನಿಸಿಕೊಂಡಿರುವ ಆ ಕ್ಷೇತ್ರಕ್ಕೆ.

ಆಳ್ವ ದಂಪತಿಗಳ ಬದುಕಿನಲ್ಲಿ ಸಿನಿಮಾ ಕೇಳುವ ವಿರೋಧವಿಲ್ಲ. ಒಂದೇ ಪಕ್ಷ, ಒಂದೇ ಹೋರಾಟ. ಆದರೆ ಅವರ ಜೋಡಿಯನ್ನು ಗಮನಾರ್ಹವಾಗಿಸುವುದು ಇನ್ನೊಂದು ಸಂಗತಿ: ಇಬ್ಬರಿಗೂ ಬೇರೆ ಬೇರೆ ಸದನ, ಬೇರೆ ಬೇರೆ ಪೀಠ, ಬೇರೆ ಬೇರೆ ಹೆಸರು. ವಯೊಲೆಟ್ ಆಳ್ವ ಅವರನ್ನು ಜೋಕಿಂ ಆಳ್ವ ಅವರ ಶ್ರೀಮತಿಯೆಂದು ಪರಿಚಯಿಸುವ ಅಗತ್ಯ ಯಾರಿಗೂ ಬೀಳಲಿಲ್ಲ. ಎದುರುಬದುರು ನಿಲ್ಲುವ ಪ್ರಶ್ನೆ ಬರುವುದು ಇಂಥ ಎರಡು ಪ್ರತ್ಯೇಕ ನೆಲೆಗಳಿದ್ದಾಗ ಮಾತ್ರ. ಒಂದೇ ನೆಲೆಯ ಮೇಲೆ ಒಬ್ಬರ ಹಿಂದೆ ಒಬ್ಬರು ನಿಂತವರು ಎದುರಾಗುವುದಾದರೂ ಹೇಗೆ?

ಒಂದೇ ಮನೆಯವರು ಕಾನೂನಿನಲ್ಲಿ ಭಿನ್ನ ದಾರಿ ಹಿಡಿಯುವುದು ಮನೆತನಕ್ಕೆ ಕುಂದಲ್ಲವೆಂಬುದಕ್ಕೆ ನ್ಯಾಯಪೀಠವೇ ಸಾಕ್ಷಿ ಒದಗಿಸಿದೆ. ಪರಸಂಗದ ಅಪರಾಧಕ್ಕೆ ಸಂಬಂಧಿಸಿದ ದಂಡಸಂಹಿತೆಯ 497ನೆಯ ಕಲಮಿನಂತೆ ದೂರು ಕೊಡುವ ಹಕ್ಕು ಗಂಡನಿಗಷ್ಟೇ ಇತ್ತು. ಮೋಸಹೋದ ಹೆಂಡತಿಗೆ ಇರಲಿಲ್ಲ. ಅದನ್ನು 1985ರಲ್ಲಿ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಎತ್ತಿಹಿಡಿದರು. 2018ರಲ್ಲಿ ಅದನ್ನು ಅಸಿಂಧುಗೊಳಿಸಿದ ಪೀಠದಲ್ಲಿ ಕುಳಿತು ತಂದೆಯ ತೀರ್ಪು ಸರಿಯಲ್ಲವೆಂದವರು ಮಗ ಡಿ. ವೈ. ಚಂದ್ರಚೂಡ್. ಅದಕ್ಕೂ ಹಿಂದಿನ ವರ್ಷ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಖಾಸಗಿತನದ ಪ್ರಕರಣದಲ್ಲಿಯೂ, ತುರ್ತುಪರಿಸ್ಥಿತಿಯ ಕಾಲದಲ್ಲಿ ತಂದೆ ಭಾಗಿಯಾಗಿದ್ದ ತೀರ್ಪನ್ನು ಮಗ ತಳ್ಳಿಹಾಕಿದ್ದರು. ಲೋಕ ಇದನ್ನು ಪಿತೃದ್ರೋಹವೆನ್ನಲಿಲ್ಲ, ಮೆಚ್ಚಿಕೊಂಡಿತು. ತಂದೆ-ಮಗನಿಗೆ ದೊರೆತ ಈ ಮೆಚ್ಚುಗೆ ಗಂಡ-ಹೆಂಡತಿಗೂ ದೊರೆತೀತೆ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ. ಮಗ ತಂದೆಯನ್ನು ಮೀರಿದರೆ ಅದು ಬೆಳವಣಿಗೆ. ಹೆಂಡತಿ ಗಂಡನನ್ನು ಸೋಲಿಸಿದರೆ ಅದು ಮನೆಯ ಸುದ್ದಿ.

ಬೆಳಗಾವಿಗೆ ಈ ಚರ್ಚೆಯಲ್ಲಿ ತನ್ನದೇ ಆದ ಪಾಲಿದೆ. ಕರ್ನಾಟಕ ಲಾ ಸೊಸಾಯಿಟಿ 1939ರಲ್ಲಿ ಇಲ್ಲಿ ಆರಂಭಿಸಿದ, ವಂಟಮುರಿಯ ರಾಜಾ ಲಖಮಗೌಡರ ಹೆಸರಿನ ಕಾನೂನು ಮಹಾವಿದ್ಯಾಲಯದಲ್ಲಿ ಓದಿದ ಇ. ಎಸ್. ವೆಂಕಟರಾಮಯ್ಯ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಅವರ ಮಗಳು ಬಿ. ವಿ. ನಾಗರತ್ನ 2021ರಿಂದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ. 2025ರ ಜುಲೈನಲ್ಲಿ ಅವರ ಪೀಠ ಕೊಟ್ಟ ಒಂದು ತೀರ್ಪು ದಾಂಪತ್ಯದ ಗುಟ್ಟನ್ನು ಕುರಿತದ್ದು. ಹೆಂಡತಿಯೊಡನೆ ಆಡಿದ ಮಾತುಗಳನ್ನು ಗಂಡ ಗುಟ್ಟಾಗಿ ಧ್ವನಿಮುದ್ರಿಸಿಕೊಂಡಿದ್ದ. ವಿಚ್ಛೇದನದ ಮೊಕದ್ದಮೆಯಲ್ಲಿ ಅದನ್ನು ಸಾಕ್ಷ್ಯವಾಗಿ ಒಪ್ಪಬಹುದೆ? ಒಪ್ಪಬಹುದೆಂದು ಪೀಠ ಹೇಳಿತು. ಒಬ್ಬರ ಮೇಲೊಬ್ಬರು ಬೇಹುಗಾರಿಕೆ ನಡೆಸುವ ಹಂತ ಮುಟ್ಟಿದ ದಾಂಪತ್ಯದಲ್ಲಿ ಕಾಪಾಡಲು ನಂಬಿಕೆಯೇ ಉಳಿದಿರುವುದಿಲ್ಲವೆಂಬುದು ಅದರ ತರ್ಕದ ಒಂದು ಎಳೆ.

ಸಾಕ್ಷ್ಯ ಕಾನೂನಿನ ಈ ಭಾಗವೇ ದಂಪತಿ ವಕೀಲರ ನಿಜವಾದ ಸಮಸ್ಯೆಗೆ ಕೀಲಿಕೈ. ಹಳೆಯ ಅಧಿನಿಯಮದ 122ನೆಯ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 128ನೆಯ ಕಲಮು, ದಂಪತಿಗಳು ಪರಸ್ಪರ ಆಡಿಕೊಂಡ ಮಾತನ್ನು ಹೊರಗೆಡವುವಂತೆ ಅವರನ್ನು ಒತ್ತಾಯಿಸಲು ಬಿಡುವುದಿಲ್ಲ. ದಂಪತಿಗಳ ನಡುವಣ ಮೊಕದ್ದಮೆಗಳು ಅದಕ್ಕೆ ಹೊರತು. ಕಕ್ಷಿದಾರ ವಕೀಲನಿಗೆ ಹೇಳಿದ ಗುಟ್ಟಿಗೂ ಬೇರೊಂದು ಕಲಮಿನ ರಕ್ಷಣೆಯಿದೆ. ಅಂದರೆ ದಂಪತಿ ವಕೀಲರ ಅಡುಗೆಮನೆಯಲ್ಲಿ ಬಿದ್ದ ಮಾತಿಗೆ ಎರಡು ಬೀಗ. ಆದರೆ ಈ ಎರಡೂ ಬೀಗಗಳು ಆ ಮಾತು ನ್ಯಾಯಾಲಯದ ಕಿವಿಗೆ ಬೀಳದಂತೆ ತಡೆಯುವಂಥವು. ಎದುರು ಪಕ್ಷದ ವಕೀಲರು ಅದನ್ನು ಆಗಲೇ ಕೇಳಿಸಿಕೊಂಡಾಗಿದ್ದರೆ ಯಾವ ಕಲಮೂ ಏನು ಮಾಡಲಾರದು. ಸಾಕ್ಷಿ ಎಲ್ಲಿ ಎಡವುತ್ತಾನೆ, ಯಾವ ಕಾಗದ ಕೈಯಲ್ಲಿಲ್ಲ, ಎಷ್ಟಕ್ಕೆ ರಾಜಿಗೆ ಒಪ್ಪಬಹುದು — ಇಷ್ಟು ತಿಳಿದರೆ ಪಾಟೀಸವಾಲು ಅರ್ಧ ಮುಗಿದಂತೆಯೇ. ಸಿನಿಮಾದ ದಂಪತಿಗಳು ಮುನಿಸಿಕೊಳ್ಳುವುದು ಒಬ್ಬರು ಇನ್ನೊಬ್ಬರನ್ನು ಸಭೆಯಲ್ಲಿ ಅಪಮಾನಿಸಿದ್ದಕ್ಕೆ. ನಿಜವಾದ ವಕೀಲ ದಂಪತಿಗಳು ಅಂಜಬೇಕಾದದ್ದು ಊಟದ ಹೊತ್ತಿನಲ್ಲಿ ಮೈಮರೆತು ಆಡಿದ ಒಂದು ಮಾತಿಗೆ.

ಗಂಡ-ಹೆಂಡತಿ ಎದುರು ಪಕ್ಷಗಳಲ್ಲಿ ನಿಲ್ಲಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮಗಳು ಹೇಳುವುದಿಲ್ಲ. ನ್ಯಾಯಾಧೀಶನ ನಂಟರ ಪಟ್ಟಿಯನ್ನು ಅಜ್ಜನಿಂದ ನಾದಿನಿಯ ವರೆಗೆ ಬಿಡಿಸಿ ಬರೆದವರಿಗೆ ಎದುರು ವಕೀಲನ ನಂಟಸ್ತಿಕೆ ಅಡ್ಡಿಯೆನಿಸಲಿಲ್ಲ. ಅವರು ಬೇಡಿದ್ದು ಬೇರೆಯದನ್ನು: ಪಕ್ಷಗಾರರೊಂದಿಗೆ ತನಗಿರುವ ಸಂಬಂಧವನ್ನೂ ವಿವಾದದಲ್ಲಿ ತನಗಿರಬಹುದಾದ ಹಿತಾಸಕ್ತಿಯನ್ನೂ ಕಕ್ಷಿದಾರನಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು, ಅವನಿಟ್ಟ ನಂಬಿಕೆಯನ್ನು ದುರುಪಯೋಗ ಮಾಡಿಕೊಳ್ಳಬಾರದು, ಒಂದು ಪಕ್ಷಕ್ಕೆ ಸಲಹೆ ಕೊಟ್ಟವರು ಎದುರು ಪಕ್ಷಕ್ಕೆ ನಿಲ್ಲಬಾರದು. ಇದು ತೂಕದ ನಿಲುವು. ಹೆಣ್ಣುಮಗಳು ಮದುವೆಯಾದ ಕಾರಣಕ್ಕೇ ಒಂದು ಊರಿನ ಅರ್ಧದಷ್ಟು ಮೊಕದ್ದಮೆಗಳನ್ನು ಕೈಬಿಡಬೇಕೆಂದು ನಿಯಮ ಹೇಳಿದ್ದರೆ ಅದು ಇನ್ನೊಂದು ರೆಜಿನಾ ಗುಹಾ ತೀರ್ಪಾಗುತ್ತಿತ್ತು.

ಹಾಗಿದ್ದೂ ತಾಲೂಕು ಸ್ಥಳಗಳ ನ್ಯಾಯಾಲಯಗಳಲ್ಲಿ ಗಂಡ-ಹೆಂಡತಿ ಎದುರಾಗುವುದು ಅಪರೂಪ. ಅದಕ್ಕೆ ಪ್ರೀತಿಯಾಗಲಿ ನಿಯಮವಾಗಲಿ ಕಾರಣವಲ್ಲ. ಕಾರಣವಿರುವುದು ವಕಾಲತ್ತುನಾಮೆ ಎಂಬ ಒಂದು ಹಾಳೆಯ ಕಾಗದದಲ್ಲಿ.

ಖಾನಾಪುರವನ್ನೇ ತೆಗೆದುಕೊಳ್ಳಬಹುದು. ಬೆಳಗಾವಿಯಿಂದ ಬಸ್ಸಿನಲ್ಲೋ ರೈಲಿನಲ್ಲೋ ಒಂದು ಗಳಿಗೆಯ ದಾರಿ. ಭೂಮಿಯ ಕಾಗದ ಪತ್ರಗಳ ಚರಿತ್ರೆಯಲ್ಲಿ ಈ ತಾಲೂಕಿಗಿರುವ ಹಳಮೆ ಕರ್ನಾಟಕದಲ್ಲಿ ಕೆಲವೇ ತಾಲೂಕುಗಳಿಗಿದೆ. ಇಲ್ಲಿಯ ಹಲಸಿ, ಅಂದಿನ ಪಲಾಶಿಕಾ, ಕದಂಬರ ತಾಮ್ರಶಾಸನಗಳಿಂದ ಪ್ರಸಿದ್ಧ. ಜಿನಾಲಯಕ್ಕೆ ಬಿಟ್ಟ ಭೂಮಿಯನ್ನು ಕಸಿದವರಿಗೆ ಅವು ವಿಧಿಸುವ ಶಾಪಾಶಯ ಇಂದಿನ ಕರಾರುಪತ್ರಗಳ ದಂಡದ ಷರತ್ತಿಗಿಂತ ಖಡಕ್ಕಾದದ್ದು. ಇಂದಿಗೂ ಇಲ್ಲಿಯ ದಾವೆಗಳಲ್ಲಿ ದೊಡ್ಡ ಪಾಲು ಹೊಲ-ಗದ್ದೆಗಳದು, ವಾಟಣಿಯದು. ಕಡತದೊಳಗೆ ಕನ್ನಡದ ಪಹಣಿಯ ಜೊತೆಗೆ ಮುಂಬಯಿ ಕಾಲದ ಮರಾಠಿ ಉತಾರ, ಇಂಗ್ಲಿಷಿನ ಹಳೆಯ ತೀರ್ಪು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟ 1994ರ ರಾಜ್ಯದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ ಮತ್ತು ಅದನ್ನು ಖಚಿತಪಡಿಸಿದ 2020ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ ಅಣ್ಣ-ತಂಗಿಯರು ಎದುರುಬದುರು ನಿಲ್ಲುವುದು ಮಾಮೂಲಾಗಿದೆ. ತವರಿನ ಆಸೆ ಬಿಡಲಾರದೆ, ಪಾಲನ್ನೂ ಬಿಡಲಾರದೆ ಬರುವ ತಂಗಿ ವಕೀಲೆಯೊಬ್ಬಳನ್ನು ಹುಡುಕಿದರೆ ಅಚ್ಚರಿಯಿಲ್ಲ. ಆ ವಕೀಲೆಯ ಗಂಡನ ಬಳಿಗೆ ಅಣ್ಣ ಆಗಲೇ ಹೋಗಿರಬಹುದು. ಊರು ಚಿಕ್ಕದು, ವಕೀಲರು ಕೆಲವರು. ಸಿನಿಮಾದವರು ಕಷ್ಟಪಟ್ಟು ಕಟ್ಟುವ ಸಂದರ್ಭ ಇಲ್ಲಿ ಸಂತೆಯ ದಿನವೊಂದರಲ್ಲಿ ತಾನಾಗಿ ಒದಗುವಂಥದು.

ಆದರೆ ಅದು ಒದಗುವುದಿಲ್ಲ. ಅಣ್ಣ ಸಹಿ ಮಾಡಿದ ವಕಾಲತ್ತಿನಲ್ಲಿ ಗಂಡನ ಹೆಸರಿನ ಕೆಳಗೆ ರೂಢಿಯಂತೆ ಹೆಂಡತಿಯ ಹೆಸರೂ ಇರುತ್ತದೆ. ಗಂಡ ಬೆಳಗಾವಿಗೋ ಧಾರವಾಡದ ಹೈಕೋರ್ಟ್ ಪೀಠಕ್ಕೋ ಹೋದ ದಿನ ತಾರೀಖು ಕೇಳಿಕೊಳ್ಳಲು ಒಂದು ಹೆಸರು ಬೇಕಲ್ಲ, ಅದಕ್ಕಾಗಿ.  ಕಡತ ಗಂಡನದು, ಗುಮಾಸ್ತ ಗಂಡನವನು, ಶುಲ್ಕ ಗಂಡನ ಜೇಬಿಗೆ. ಅವಳ ಹೆಸರು ಒಮ್ಮೆ ಆ ಹಾಳೆಯ ಮೇಲೆ ಬಿತ್ತೆಂದರೆ ತಂಗಿಯ ಪರವಾಗಿ ನಿಲ್ಲುವ ದಾರಿ ಮುಚ್ಚಿತು, ನಿಯಮವೇ ಬಿಡದು. ಗಂಡನಿಗೆ ಬರುವ ಪ್ರತಿಯೊಂದು ಮೊಕದ್ದಮೆಯೂ ಹೀಗೆ ಹೆಂಡತಿಗೆ ಒಂದೊಂದು ಬಾಗಿಲನ್ನು ಮುಚ್ಚುತ್ತ ಹೋಗುತ್ತದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವಳು ಅನುಭವಿ ವಕೀಲೆಯೆನಿಸಿಕೊಂಡಿರುತ್ತಾಳೆ, ತನ್ನದೆನ್ನುವ ಕಕ್ಷಿದಾರರು ಮಾತ್ರ ಇರುವುದಿಲ್ಲ.

ದೇಶದ ಹದಿನೇಳು ಲಕ್ಷ ವಕೀಲರಲ್ಲಿ ಮಹಿಳೆಯರ ಪಾಲು ಶೇಕಡಾ 15ರಷ್ಟು ಮಾತ್ರವೆಂದು 2021ರಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಎನ್. ವಿ. ರಮಣ ಹೇಳಿದ್ದರು. ಆ ಹದಿನೈದರಲ್ಲಿ ಸ್ವತಂತ್ರ ವಕಾಲತ್ತು ಇರುವವರನ್ನು ಬೇರೆಯಾಗಿ ಎಣಿಸಬೇಕು. ಗಂಡನ, ತಂದೆಯ, ಮಾವನ ಕಚೇರಿಯ ನಾಮಫಲಕದಲ್ಲಿ ಎರಡನೆಯ ಸಾಲಾಗಿ ಉಳಿದವರನ್ನು ಬೇರೆಯಾಗಿ ಎಣಿಸಬೇಕು. ಕಕ್ಷಿದಾರರ ಅಳುಕೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುವವರು, ಒಳಗೊಳಗೆ ಹೊಂದಿಕೊಂಡಾರು ಎಂಬ ಗುಮಾನಿ ಹಳ್ಳಿಯ ರೈತನಿಗೆ ಬಂದರೆ ಅವನನ್ನು ತಪ್ಪೆನ್ನುವಂತಿಲ್ಲ. ಅದೇ ರೈತ ಇಬ್ಬರು ಅಣ್ಣತಮ್ಮಂದಿರು ವಕೀಲರಾಗಿ ಎದುರು ನಿಂತರೆ, ಗುರುವಿನ ಎದುರು ಅವನ ಹಳೆಯ ಕಿರಿಯ ವಕೀಲ ನಿಂತರೆ ಅಷ್ಟು ಅಳುಕುವುದಿಲ್ಲ. ಗಂಡಸರು ವೃತ್ತಿಯಲ್ಲಿ ನಂಟನ್ನು ಬದಿಗಿಡಬಲ್ಲರು, ಹೆಂಗಸರು ಇಡಲಾರರು ಎಂಬ ನಂಬಿಕೆಯನ್ನು ಬಿತ್ತಿದವರಲ್ಲಿ ಸಿನಿಮಾದವರ ಪಾಲು ಸಣ್ಣದಲ್ಲ. ತೆರೆಯ ಮೇಲಿನ ವಕೀಲೆ ತಪ್ಪದೆ ಕೊನೆಯ ರೀಲಿನಲ್ಲಿ ಅತ್ತಿದ್ದಾಳೆ.

ಈ ಕಥೆಯನ್ನು ಮುಂದೆ ತೆರೆಗೆ ತರುವವರು ಮುಂಬಯಿಯ ಭವ್ಯ ನ್ಯಾಯಾಲಯದ ಬದಲಿಗೆ ಇಂಥ ತಾಲೂಕು ಸ್ಥಳವನ್ನು ಆರಿಸಿಕೊಂಡರೆ ಅವರಿಗೆ ಗುಂಡು ಹಾರಿಸುವ ಹೆಣ್ಣು ಬೇಕಿಲ್ಲ, ಕೊಲೆಯೂ ಬೇಕಿಲ್ಲ. ಮೂರು ಎಕರೆಯ ವಾಟಣಿ ಸಾಕು. ಪಡಸಾಲೆಯಲ್ಲಿ ಒಂದೇ ಮೇಜಿನ ಬದಲು ಎರಡು ಮೇಜು, ಎರಡು ಕಪಾಟು, ಎರಡು ಬೀಗ. ಒಬ್ಬರ ಕಕ್ಷಿದಾರರು ಬಂದಾಗ ಇನ್ನೊಬ್ಬರು ಎದ್ದು ಒಳಗೆ ಹೋಗುವುದು. ಮಕ್ಕಳಿಗೆ ದೂರವಾಣಿಯ ಸಂದೇಶಗಳನ್ನು ಓದಿ ಹೇಳಬಾರದೆಂಬ ಕಟ್ಟಪ್ಪಣೆ. ಕರೆಗೆ ಮೊದಲು ಕಕ್ಷಿದಾರನನ್ನು ಕೂರಿಸಿ, ಎದುರು ವಕೀಲರು ತನ್ನ ಯಜಮಾನರು, ಒಪ್ಪಿಗೆಯಿದ್ದರೆ ಮಾತ್ರ ಸಹಿ ಮಾಡು ಎಂದು ಹೇಳುವ ದೃಶ್ಯ. ಅವನು ಪೇಟ ಸರಿಪಡಿಸಿಕೊಂಡು ಯೋಚಿಸುವಷ್ಟು ಹೊತ್ತಿನ ಮೌನ. ಚಿತ್ರದ ಅತ್ಯಂತ ಬಿಗುವಿನ ಗಳಿಗೆ ಅದಾದೀತು.

ಬದಲಾವಣೆಯ ಸುಳಿವುಗಳು ಇಲ್ಲವೆಂದಲ್ಲ. 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ಬೆಂಗಳೂರು ವಕೀಲರ ಸಂಘದ ಖಜಾಂಚಿ ಸ್ಥಾನವನ್ನು ಮಹಿಳೆಯರಿಗೆ ಮೀಸಲಿರಿಸಿ, ಆಮೇಲೆ ರಾಜ್ಯದ ಜಿಲ್ಲಾ ವಕೀಲರ ಸಂಘಗಳಿಗೂ ಅಂಥದೇ ಮೀಸಲಾತಿಯನ್ನು ವಿಸ್ತರಿಸಿತು. ಸಂಘದ ಹಣದ ಪೆಟ್ಟಿಗೆಯ ಕೀಲಿ ವಕೀಲೆಯ ಕೈಗೆ ಬಂತು. ಮನೆಯ ಕಚೇರಿಯಲ್ಲಿ ಎರಡನೆಯ ಕಪಾಟಿನ ಕೀಲಿಯನ್ನು ಕೊಡಿಸುವ ಆದೇಶವನ್ನು ಯಾವ ಪೀಠವೂ ಹೊರಡಿಸಲಾರದು. ಅದನ್ನು ವಕಾಲತ್ತು ಬರೆಯುವ ಹೊತ್ತಿನಲ್ಲಿ, ಹೆಂಡತಿಯ ಹೆಸರನ್ನು ತನ್ನ ಹೆಸರಿನ ಕೆಳಗೆ ಸೇರಿಸದೆ ಲೇಖನಿ ಎತ್ತುವ ಗಂಡನೂ, ಸೇರಿಸಬೇಡಿ ಎನ್ನುವ ಹೆಂಡತಿಯೂ ತೀರ್ಮಾನಿಸಬೇಕಾಗಿದೆ.